ಮಾರ್ಚ್ ತಿಂಗಳ ಹಾಳೆ

ಗೋಕಾಕ ಸೀಮೆಯ ಶೇಖರಪ್ಪನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಪ್ರೀತಿ ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ಆದರೆ ತನಗೆ ಬಂದಿರುವುದು ಪ್ರೀತಿ ಎಂದು ಆ ಮಹಾರಾಯನಿಗೆ ಗೊತ್ತಾದದ್ದೇ ಹೊಟ್ಟೆ ಉರಿಯಲು ಶುರುವಾದ ಮೇಲೆ. ಕೆಲವರ ಬುದ್ಧಿಯೇ ಹಾಗೆ, ಏನು ಮಾಡೋಣ!

ಅವನಿರುವುದು ನೆದರ್ಲ್ಯಾಂಡ್ಸಿನ ಈಶಾನ್ಯದ ಕಟ್ಟಕಡೆಯ ಮೂಲೆಯಲ್ಲಿ. ಗ್ರೋನಿಂಗನ್ನಿನಿಂದ ರೈಲು ಹಿಡಿದು, ರೈಲು ಇಳಿದು ಬಸ್ಸು ಹಿಡಿದು, ಬಸ್ಸೂ ವಾಪಸ್ ತಿರುಗುವ ಜಾಗದಲ್ಲಿ ಸಮುದ್ರಕ್ಕೆ ಅಡ್ಡವಾಗಿ ಎತ್ತರದ ಮಣ್ಣಿನ ಏರಿ ಇದೆ. ಏರಿಯ ಮೇಲೆ ನಿಂತರೆ ಜರ್ಮನಿ ಕಾಣುತ್ತದೆ. ಏರಿಯ ಈಚೆ ಇನ್ನೂರ ನಲವತ್ತು ಹಸುಗಳ ಡೈರಿ, ಆಚೆ ಉಪ್ಪುನೀರು ಬಂದು ಹೋಗುವ ಹುಲ್ಲುಗಾವಲು. ಹಾಲು ಕರೆಯುವುದಕ್ಕೆ ಅಲ್ಲಿ ಯಂತ್ರವಿದೆ. ಆದರೆ ಬೇಸಿಗೆಯಲ್ಲಿ ಏರಿಯಾಚೆ ಮೇಯಲು ಬಿಟ್ಟ ಕಡಸುಗಳನ್ನು, ಸಮುದ್ರ ಉಕ್ಕುವ ಸುದ್ದಿ ಬಂದ ದಿನ, ಒಂದೂ ತಪ್ಪದಂತೆ ಒಳಗೆ ಹೊಡೆದುಕೊಂಡು ಬರಬೇಕು. ಆ ಕೆಸರಿನಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ, ಕುದುರೆಯೇ ಬೇಕು. ಕುದುರೆಯ ಮೇಲೆ ಅಗಲ ಟೊಪ್ಪಿಗೆ ಹಾಕಿಕೊಂಡು ಶೇಖರಪ್ಪ ಹೋಗುತ್ತಾನೆ. ಗ್ರೋನಿಂಗನ್ನಿನ ಕನ್ನಡದ ಹುಡುಗರು ಆ ಫೋಟೋ ನೋಡಿದ್ದೇ ಅವನಿಗೆ ‘ಕೌಬಾಯ್ ಮಾಮ’ ಎಂದು ಹೆಸರಿಟ್ಟರು.

ಕೌಬಾಯ್ ಮಾಮನ ಹಿಂದಿನ ಕಥೆ ಹೆಚ್ಚೇನಿಲ್ಲ. ಪಶುಪಾಲನೆಯ ಡಿಪ್ಲೊಮಾ ಮುಗಿಸಿ, ಊರ ಕಡೆ ಹತ್ತು ಹನ್ನೆರಡು ವರ್ಷ ದುಡಿದು, ಮದುವೆಯೂ ಆದ ಮೇಲೆ ಮರಳುಗಾಡಿನ ಒಂದು ದೊಡ್ಡ ಡೈರಿಗೆ ಹೋದ. ಎಂಟು ವರ್ಷ ಅಲ್ಲಿ ದುಡಿದ. ಅಷ್ಟರಲ್ಲಿ ಊರಿನಲ್ಲಿದ್ದ ಹೆಂಡತಿ, ಗಂಡ ಎಂಬುವನು ವರ್ಷಕ್ಕೊಮ್ಮೆ ಬರುವ ನೆಂಟನಲ್ಲ ಎಂದು ಹೇಳಿ, ಕಾಗದಪತ್ರ ಮುಗಿಸಿ, ಬೇರೊಬ್ಬನನ್ನು ಮದುವೆಯಾದಳು. ಅವಳದು ತಪ್ಪೆಂದು ಶೇಖರಪ್ಪ ಯಾವತ್ತೂ ಅಂದವನಲ್ಲ. ಮರಳುಗಾಡಿನ ಡೈರಿಯಲ್ಲಿದ್ದ ಡಚ್ ಮ್ಯಾನೇಜರ್ ತನ್ನ ಸ್ವಂತ ಡೈರಿ ನೋಡಿಕೊಳ್ಳಲು ಇಲ್ಲಿಗೆ ಹಿಂತಿರುಗುವಾಗ ಇವನನ್ನೂ ಕರೆದುಕೊಂಡು ಬಂದ. ಹತ್ತು ವರ್ಷ ಅವನು ಹಸುಗಳ ಜೊತೆ ಕನ್ನಡದಲ್ಲಿ, ಮನುಷ್ಯರ ಜೊತೆ ಮುರುಕು ಡಚ್ಚಿನಲ್ಲಿ ಮಾತಾಡಿಕೊಂಡು ಕಳೆದ.

ನಾಗಮಣಿ ಸಿಕ್ಕಿದ್ದು ಗ್ರೋನಿಂಗನ್ನಿನ ರಾಜ್ಯೋತ್ಸವದ ಊಟದಲ್ಲಿ. ನಂಜನಗೂಡಿನ ಕಡೆಯವಳು, ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಗಂಡ ಗೋವಿಂದರಾಜು ವಾಗೆನಿಂಗನ್ನಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಹುಲ್ಲಿನ ತಳಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದವನು. ಉಪ್ಪುನೆಲದ ಹುಲ್ಲು ನೋಡಬೇಕೆಂದು ಈ ಗಡಿಯಲ್ಲಿ ಮನೆ ಮಾಡಿ, ಆರು ವರ್ಷದ ಹಿಂದೆ ಹೃದಯಾಘಾತದಿಂದ ಹೋಗಿಬಿಟ್ಟಿದ್ದ. ಮಕ್ಕಳಿಲ್ಲ. ನಾಗಮಣಿ ಮನೆ ಬಿಡಲಿಲ್ಲ. ಸೈಕಲ್ ಮೇಲೆ ಊರೂರು ತಿರುಗಿ, ಒಂಟಿ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ ಮಾತ್ರೆ ಕೊಡುವ ಕೆಲಸ ಹಿಡಿದಳು. ನಲವತ್ತು ಜನರ ಮಾತ್ರೆಗಳ ಹೊತ್ತು ಅವಳಿಗೆ ಬಾಯಿಪಾಠ. ಊಟ ಮುಗಿಸಿ ಇಬ್ಬರೂ ಒಂದೇ ರೈಲು ಹತ್ತಿ, ಒಂದೇ ಬಸ್ಸು ಹತ್ತಿ, ಕೊನೆಗೆ ಒಂದೇ ಏರಿಯ ಕೆಳಗೆ ಏಳು ಕಿಲೋಮೀಟರ್ ಅಂತರದಲ್ಲಿ ಐದಾರು ವರ್ಷ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬದುಕಿದ್ದೇವೆ ಎಂದು ಕಂಡುಕೊಂಡು ಬಸ್ಸಿನಲ್ಲೇ ಜೋರಾಗಿ ನಕ್ಕರು. ಆ ಬಸ್ಸಿನಲ್ಲಿ ಹಾಗೆ ನಕ್ಕವರು ಅದುವರೆಗೆ ಯಾರೂ ಇರಲಿಕ್ಕಿಲ್ಲ.

ಅಲ್ಲಿಂದಾಚೆ ಪ್ರತಿ ಶನಿವಾರ ಮಧ್ಯಾಹ್ನ ಶೇಖರಪ್ಪ ಕ್ಯಾನಿನಲ್ಲಿ ಹಾಲು ತರುತ್ತಿದ್ದ. ಅವಳಿಗೆ ರೊಟ್ಟಿ ಬಡಿಯಲು ಬಾರದು; ಅವನೇ ಅಂಗಿಯ ತೋಳು ಮಡಿಚಿ ಅವಳ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ. ಅವಳು ಬಸ್ಸಾರು ಮಾಡುತ್ತಿದ್ದಳು. ಮೊದಲ ದಿನ ಅವನು ವಾಡಿಕೆಯಂತೆ ಅಕ್ಕಾರ ಎಂದು ಕರೆದ. ಹಾಗೆ ಕರೆಯಬೇಡಿ ಎಂದಳು. ಮತ್ತೆ ಹೇಗೆ ಕರೆಯಬೇಕು ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದು ವರ್ಷ ಪೂರ್ತಿ ಅವನು ಅವಳನ್ನು ‘ಇಲ್ಲಿ ನೋಡ್ರಿ’ ಎಂದು ಕರೆದೇ ಕಾಲ ಹಾಕಿದ.

ಇನ್ನು ಕ್ಯಾಲೆಂಡರಿನ ವಿಷಯ. ಈ ದೇಶದ ಜನ ನೆಂಟರಿಷ್ಟರ ಹುಟ್ಟುಹಬ್ಬ ಬರೆಯುವ ಕ್ಯಾಲೆಂಡರನ್ನು ಬೇರೆಲ್ಲೂ ಜಾಗವಿಲ್ಲವೆಂಬಂತೆ ಪಾಯಿಖಾನೆಯಲ್ಲಿ ತೂಗುಹಾಕುತ್ತಾರೆ. ಕೂತಾಗಲೆಲ್ಲ ಕಣ್ಣಿಗೆ ಬೀಳಲಿ, ಯಾರ ದಿನವೂ ಮರೆಯದಿರಲಿ ಎಂದು. ಅದರಲ್ಲಿ ಇಸವಿ ಇರುವುದಿಲ್ಲ, ವಾರ ಇರುವುದಿಲ್ಲ. ಹನ್ನೆರಡು ಹಾಳೆ, ಬರೀ ತಾರೀಕು. ವರ್ಷ ಮುಗಿದರೆ ಮತ್ತೆ ಮೊದಲ ಹಾಳೆಗೆ ತಿರುವಿದರಾಯಿತು. ಮೂವತ್ತು ವರ್ಷ ಈ ದೇಶದಲ್ಲಿದ್ದ ನಾಗಮಣಿಯ ಮನೆಯಲ್ಲೂ ಅದಿತ್ತು. ಅವಳ ಮುದುಕ ಮುದುಕಿಯರ ಹೆಸರು, ಓರಗಿತ್ತಿಯರ ಹೆಸರು, ಪೋಸ್ಟಿನವಳ ಹೆಸರು, ಎಲ್ಲ ಅದರಲ್ಲಿದ್ದವು. ಶೇಖರಪ್ಪನದಿರಲಿಲ್ಲ. ಅವಳು ಕೇಳಿದ್ದಳು, ಅವನು ಜೂನ್ ಒಂದು ಎಂದಿದ್ದ. ಅದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ದಿನ, ಅವ್ವ ಹೆತ್ತ ದಿನ ಹೇಳಿ, ಆಮೇಲೆ ಬರೆಯುತ್ತೇನೆ ಎಂದಳು. ಅವನು ಊರಿನಲ್ಲಿದ್ದ ಅಕ್ಕ ಕಾಶಮ್ಮನಿಗೆ ಫೋನ್ ಮಾಡಿದ. ಜೋಳ ತೆನೆ ಬಿಡುವ ಮುಂದೆ ಎಂದು ಅವಳು ಹೇಳಿದಳು. ಜೋಳ ತೆನೆ ಬಿಡುವುದನ್ನು ಯಾವ ತಾರೀಕಿನ ಎದುರು ಬರೆಯುವುದು?

ಬರೆಯದಿದ್ದರೆ ಬೇಡ ಎಂದು ಅವನು ಸುಮ್ಮನಿದ್ದ. ಆದರೆ ಜನವರಿಯ ಒಂದು ಶನಿವಾರ ಒಳಗೆ ಕೂತವನು ಸುಮ್ಮನೆ ಹಾಳೆ ತಿರುವಿದ. ಮಾರ್ಚ್ ಹದಿನಾಲ್ಕರ ಎದುರು ಹೊಸ ನೀಲಿ ಶಾಯಿಯಲ್ಲಿ, ದಪ್ಪಕ್ಷರದಲ್ಲಿ, ಹಾರ್ಮ್ ಎಂದು ಬರೆದಿತ್ತು.

ಹಾರ್ಮ್ ಅವಳ ಮನೆ ಪಕ್ಕದ ಹೊಲದವನು, ಹೆಂಡತಿ ಸತ್ತವನು, ಆರೂಕಾಲಡಿ ಎತ್ತರದ ಆಳು. ಅವಳ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವನು ಅವನೇ, ಮಾಡಿನಂಚಿನ ಮಳೆನೀರಿನ ದೋಣಿಯಲ್ಲಿ ಕಟ್ಟಿಕೊಂಡ ಎಲೆ ತೆಗೆಯುತ್ತಿದ್ದವನೂ ಅವನೇ. ಅಷ್ಟು ದಿನ ಅವನು ಶೇಖರಪ್ಪನ ಕಣ್ಣಿಗೆ ಒಳ್ಳೆಯ ಮನುಷ್ಯನಾಗಿಯೇ ಕಂಡಿದ್ದ. ಆ ನೀಲಿ ಶಾಯಿ ಕಂಡ ಕ್ಷಣದಿಂದ ಅವನ ನಗು ಕುಯುಕ್ತಿಯ ನಗುವಾಯಿತು, ಅವನು ತಂದಿಡುವ ಮೊಟ್ಟೆ ಲಂಚವಾಯಿತು. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದೆಂದರೆ ಆ ಪುಣ್ಯಾತ್ಮ ಅವಳನ್ನು ‘ಮಣಿ’ ಎಂದು ಕರೆಯುತ್ತಿದ್ದ. ತಾನು ಇಲ್ಲಿ ನೋಡ್ರಿ, ಅವನು ಮಣಿ! ಶೇಖರಪ್ಪನಿಗೆ ಅನ್ನ ಸೇರಲಿಲ್ಲ. ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಅಡ್ಡಬಿದ್ದ ಕರುವನ್ನು ತಿರುಗಿಸುವಾಗಲೂ ಅವನ ತಲೆಯಲ್ಲಿ ಹಾರ್ಮ್ ಆ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ಅವಳು ಹಾರ್ಮ್ ಜೊತೆ ಹೋದರೆ ತನಗೆ ಶನಿವಾರವಿಲ್ಲ, ಕನ್ನಡದ ಒಂದು ಮಾತಿಲ್ಲ, ಮತ್ತೆ ಬರೀ ದನ. 

ಬಾಯಿಬಿಟ್ಟು ಕೇಳಬಹುದಿತ್ತಲ್ಲ! ಕೇಳಲಿಲ್ಲ. ಪ್ರತಿ ಶನಿವಾರ ಒಳಗೆ ಹೋಗಿ ಚಿಲಕ ಹಾಕಿಕೊಂಡು ಮಾರ್ಚ್ ಹಾಳೆ ತಿರುವಿ ಆ ಹೆಸರನ್ನು ದಿಟ್ಟಿಸಿ ನೋಡಿ ಬರುತ್ತಿದ್ದ. ಹೊಟ್ಟೆ ಸರಿಯಿಲ್ಲವೇ ಎಂದು ನಾಗಮಣಿ ಒಂದು ದಿನ ಓಮದ ಕಷಾಯ ಕಾಸಿಕೊಟ್ಟಳು. ಸರಿಯಿರಲಿಲ್ಲ, ನಿಜ.

ಮಾರ್ಚ್ ಹದಿನಾಲ್ಕು ಶನಿವಾರವೇ ಬಿತ್ತು. ಅವತ್ತು ಬರಬೇಡಿ, ಹಾರ್ಮ್ ಮನೆಗೆ ಹುಟ್ಟುಹಬ್ಬಕ್ಕೆ ಹೋಗಬೇಕು ಎಂದು ಅವಳು ಮೊದಲೇ ಹೇಳಿದಳು. ಅವನು ಏರಿಯ ಮೇಲೆ ಕುದುರೆ ನಡೆಸುವ ನೆಪ ಮಾಡಿಕೊಂಡು ಹೋಗಿ, ದೂರದಿಂದ ಹಾರ್ಮ್ ಮನೆಯ ದೊಡ್ಡ ಕಿಟಕಿ ನೋಡಿದ. ಈ ದೇಶದವರು ಹಗಲು ಪರದೆ ಎಳೆಯುವವರಲ್ಲ. ಒಳಗೆ ಜನ ಸುತ್ತ ಕುರ್ಚಿ ಹಾಕಿ ಕೂತಿದ್ದರು. ಹಾರ್ಮ್ ಪಕ್ಕದಲ್ಲಿ ಹಸಿರು ಸೀರೆ. ಆ ಸೀರೆಯನ್ನು ಶೇಖರಪ್ಪ ಅದುವರೆಗೆ ಒಂದು ಸಲವೂ ನೋಡಿರಲಿಲ್ಲ. ತನ್ನ ಶನಿವಾರಗಳಿಗೆ ಅವಳು ಪ್ಯಾಂಟು ಸ್ವೆಟರಿನಲ್ಲೇ ಇರುತ್ತಿದ್ದಳು. ಅವನು ಕುದುರೆ ತಿರುಗಿಸಿಕೊಂಡು ಬಂದು ಕೊಟ್ಟಿಗೆಯಲ್ಲಿ ಕೂತು, ಐವತ್ತೆರಡು ವರ್ಷದ ಗಂಡಸು, ಅತ್ತುಬಿಟ್ಟ.

ಮುಂದಿನ ಶನಿವಾರ ಮುಖ ಗಂಟಿಕ್ಕಿಕೊಂಡು ಹೋದ. ನಾಳೆ ಭಾನುವಾರ ರಜೆ ಇದೆಯಾ, ಊಟಕ್ಕೆ ಬರ್ತೀರಾ ಎಂದು ಅವಳು ಕೇಳಿದಳು. ಭಾನುವಾರ ಅವಳು ಯಾವತ್ತೂ ಕರೆದವಳಲ್ಲ. ಹಾರ್ಮ್ ಕೇಕು ತಿಂದು ಉಳಿದದ್ದಕ್ಕೆ ತನ್ನನ್ನು ಕರೆಯುತ್ತಿದ್ದಾಳೆ ಎನ್ನಿಸಿ, ಈಯಬೇಕಾದ ಹಸು ಇವೆ ಎಂದುಬಿಟ್ಟ. ಅದರ ಮುಂದಿನ ಶನಿವಾರ ಹೋಗಲೇ ಇಲ್ಲ.

ಏಪ್ರಿಲ್ ನಾಲ್ಕರಂದು ಹೋದ. ಅವಳಿಗೆ ಹಾಳೆ ತಿರುವಲು ಪುರುಸೊತ್ತಾಗಿರಲಿಲ್ಲ. ಕ್ಯಾಲೆಂಡರಿನಲ್ಲಿ ಇನ್ನೂ ಮಾರ್ಚೇ ನೇತಾಡುತ್ತಿತ್ತು, ಹಾರ್ಮ್ ಅವನ ಮೂಗಿನ ನೇರಕ್ಕಿದ್ದ. ಆಗ ಶೇಖರಪ್ಪನಿಗೆ ಒಂದು ಮಾತು ಹೊಳೆಯಿತು. ಈ ಕ್ಯಾಲೆಂಡರಿಗೆ ಸಾವಿಲ್ಲ. ಮುಂದಿನ ಮಾರ್ಚಿಗೂ ಇವನು ಇಲ್ಲೇ ಇರುತ್ತಾನೆ, ಅದರ ಮುಂದಿನದಕ್ಕೂ. ತಾನು ಯಾವ ಹಾಳೆಯಲ್ಲೂ ಇರುವುದಿಲ್ಲ. ಕೈ ತಾನಾಗಿ ಎದ್ದಿತು. ಪರ್ ಎಂದು ಹರಿದು, ನಾಲ್ಕು ಮಡಿಕೆ ಮಾಡಿ, ಜಾಕೀಟಿನ ಜೇಬಿಗೆ ತುರುಕಿ, ನೀರು ಬಿಟ್ಟು ಹೊರಗೆ ಬಂದ.

ಅರ್ಧ ಗಂಟೆ ಕಳೆದು ನಾಗಮಣಿ ಒಳಗೆ ಹೋಗಿ ಬಂದಳು. ಮಾರ್ಚ್ ಎಲ್ಲಿ ಎಂದು ಕೇಳಿದಳು. ಅವನು ರೊಟ್ಟಿಯಿಂದ ಕಣ್ಣೆತ್ತದೆ, ತಿಂಗಳು ಮುಗಿದಿತ್ತಲ್ಲ, ನಮ್ಮ ಊರಿನಲ್ಲಿ ಮುಗಿದ ಹಾಳೆ ಹರಿದು ಒಲೆಗೆ ಹಾಕುತ್ತೇವೆ, ಹಾಗೇ ಹರಿದು ಎಸೆದೆ ಎಂದ. ಈ ದೇಶದಲ್ಲಿ ಹತ್ತು ವರ್ಷ ಪಾಯಿಖಾನೆಗೆ ಹೋಗಿ ಬಂದವನು ಹೇಳುವ ಸುಳ್ಳೇ ಇದು? ಆದರೆ ನಾಗಮಣಿ ಹೌದಾ ಎಂದಳು, ಅಷ್ಟೆ. ಹೋಗಲಿ ಬಿಡಿ, ಹೊಸದಾಗಿ ಬರೆಯೋಣ ಎಂದು ಬಿಳಿ ಹಾಳೆ ತಂದು ಸ್ಕೇಲಿಟ್ಟು ಗೆರೆ ಎಳೆದಳು. ಬದುಕಿದೆ ಎಂದುಕೊಂಡು ಶೇಖರಪ್ಪ ಕೈ ತೊಳೆದು ಎದುರು ಕೂತ.

ಅವಳು ಮೂರಕ್ಕೆ ಒಬ್ಬ ಮುದುಕಿಯ ಹೆಸರು ಬರೆದಳು, ಒಂಬತ್ತಕ್ಕೆ ಪೋಸ್ಟಿನವಳದು. ಆಮೇಲೆ ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದಳು.

“ಹಾರ್ಮ್‌ದು ಹನ್ನೊಂದೋ, ಹದಿನಾರೋ? ಮರ್ತೇ ಹೋಯ್ತು ನೋಡಿ.”

“ಹದಿನಾಕಲ್ಲೇನ್ರಿ” ಎಂದ ಶೇಖರಪ್ಪ.

ಅಂದ ಮೇಲೆ ಸಿಕ್ಕಿಬಿದ್ದದ್ದು ಗೊತ್ತಾಯಿತು. ನಲವತ್ತು ಜನರ ಮಾತ್ರೆಯ ಹೊತ್ತು ಬಾಯಿಪಾಠ ಇದ್ದವಳು, ಮೂರು ವಾರದ ಹಿಂದೆ ತಾನೇ ಹೋಗಿ ಕೂತು ಬಂದ ಹುಟ್ಟುಹಬ್ಬ ಮರೆಯುತ್ತಾಳೆಯೆ! ಅವಳು ಹದಿನಾಲ್ಕರ ಎದುರು ಹಾರ್ಮ್ ಎಂದು ನಿಧಾನವಾಗಿ ಬರೆದು ಪೆನ್ನು ಕೆಳಗಿಟ್ಟಳು.

“ಹಾಳೆ ಕೊಡಿ ಶೇಖರಪ್ಪನೋರೆ.”

ಅವನು ಎದ್ದು ಹೋಗಿ ಜಾಕೀಟಿನಿಂದ ತೆಗೆದು ಮೇಜಿನ ಮೇಲಿಟ್ಟ. ಕೂರಲಿಲ್ಲ.

“ಹೊಟ್ಟಿ ಉರೀತ್ರಿ. ಅಂವಗ ಇಲ್ಲಿ ಜಾಗ ಐತಿ, ನನಗಿಲ್ಲ. ಮೂರು ತಿಂಗಳಾತು, ನಿದ್ದಿ ಇಲ್ಲ. ನೀವು ಅಂವನ್ನ ಮಾಡ್ಕೊಂಡ್ರ ನಾನು ಎಲ್ಲಿ ಹೋಗ್ಲಿ?”

ನಾಗಮಣಿ ಸಿಟ್ಟಾಗಲಿಲ್ಲ. ಹಾರ್ಮ್ ಕೇಳಿದ್ದು ನಿಜ ಎಂದಳು. ಹೊಸ ವರ್ಷದ ದಿನ ಬಂದು, ಎರಡು ಮನೆಗೆ ಎರಡು ಒಲೆ ಯಾಕೆ, ಒಟ್ಟಿಗೆ ಇರೋಣ ಎಂದಿದ್ದ. ಆಗುವುದಿಲ್ಲ ಎಂದು ಅವತ್ತೇ ಹೇಳಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಶೇಖರಪ್ಪನ ಹೆಸರು ಹೇಳಿದ್ದಳು. ಹಾರ್ಮ್ ಬೇಸರ ಮಾಡಿಕೊಳ್ಳದೆ, ಹಾಗಾದರೆ ಹುಟ್ಟುಹಬ್ಬಕ್ಕಾದರೂ ಬಾ ಎಂದಿದ್ದ. ತಾನು ಬೇಡವೆಂದವನ ಮನೆಗೆ ಒಂದು ದಿನ ಸೀರೆ ಉಟ್ಟು ಹೋಗುವುದು ಮರ್ಯಾದೆ ಎನ್ನಿಸಿ ಹೋಗಿದ್ದಳು.

ಶೇಖರಪ್ಪನ ಮುಖ ಅರಳಿತು. ಮೂರು ತಿಂಗಳ ಉರಿ ಒಂದೇ ಗಳಿಗೆಯಲ್ಲಿ ತಣ್ಣಗಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವಳು ಹರಿದ ಹಾಳೆಯ ಮಡಿಕೆ ಬಿಡಿಸಿ ಅವನ ಕಡೆ ತಿರುಗಿಸಿದಳು.

“ಇಪ್ಪತ್ತೆರಡು ಓದಿ.”

ಹದಿನಾಲ್ಕರ ಕೆಳಗೆ ಎಂಟು ಗೆರೆ. ಸಣ್ಣ ಪೆನ್ಸಿಲ್ ಅಕ್ಷರ, ಮಾಸಿತ್ತು, ಗೋವಿಂದರಾಜುವಿನ ಕೈಬರಹ. ಇಡೀ ಹಾಳೆಯಲ್ಲಿ ಕನ್ನಡದಲ್ಲಿದ್ದದ್ದು ಅದೊಂದೇ. ‘ನಮ್ಮ ಮಣಿ’ ಎಂದಿತ್ತು.

“ಅವತ್ತು ಭಾನುವಾರ. ಊಟಕ್ಕೆ ಬನ್ನಿ ಅಂದೆ. ಆಗಲ್ಲ ಅಂದ್ರೂ ಬರ್ತೀರೇನೋ ಅಂತ ಪಾಯಸ ಮಾಡಿ ಕಾದೆ” ಎಂದಳು. “ಮೂರು ತಿಂಗಳು ಈ ಹಾಳೆ ನೋಡಿದ್ರಲ್ಲ ಶೇಖರಪ್ಪನೋರೆ, ನಾನು ಕಾಣಿಸಲಿಲ್ವಾ?”

ಶೇಖರಪ್ಪ, ತಪ್ಪಾಯಿತು ಎಂದ. ಇವತ್ತು ನೀವು ಹೊರಡಿ, ಮತ್ತೆ ಯಾವಾಗ ಬರಬೇಕು ಎಂದು ಫೋನ್ ಮಾಡಿ ಹೇಳುತ್ತೇನೆ ಎಂದು ಅವಳು ಅಂದಳು. ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಏರಿಯ ಮೇಲೆ ಎದುರುಗಾಳಿಗೆ ಸೈಕಲ್ ತುಳಿಯಲಾಗದೆ ಅವನು ಇಳಿದು ತಳ್ಳಿಕೊಂಡು ನಡೆದ. ಕೆಳಗೆ ತನ್ನ ಹೊಲದಲ್ಲಿದ್ದ ಹಾರ್ಮ್ ಕೈ ಎತ್ತಿದ. ಶೇಖರಪ್ಪನೂ ಕೈ ಎತ್ತಿದ. ಅವನ ಮೇಲೆ ಇನ್ನು ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ. ಅದೆಲ್ಲ ಈಗ ಗೋವಿಂದರಾಜುವಿನ ಮೇಲೆ ಹೋಗಿತ್ತು. ಸತ್ತು ಆರು ವರ್ಷವಾದರೂ ಆ ಮನುಷ್ಯ ಅವಳ ದಿನವನ್ನು ಮರೆತಿರಲಿಲ್ಲ.