ಮೂವರ ಪ್ರಸ್ಥಾನ

ಇಂಥದ್ದನ್ನು ನಂಬದವರ ಸಾಲಿನಲ್ಲಿ ಮೊದಲು ನಿಲ್ಲುವವ ನಾನೇ. ಧಾರವಾಡದಲ್ಲಿ ಮಂದಿಯ ಮನೆಗೆ ನೀರು ಹೊತ್ತು ಬಿ.ಎ. ಮಾಡಿದವ; ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲಿಗ. ಆದರೆ ಆ ಬಟ್ಟಲನ್ನು ನಾನೇ ನಾಲಿಗೆಗೆ ಹಚ್ಚಿ ನೋಡಿದ್ದೇನೆ...

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ವಿಜಾಪುರದಲ್ಲಿ ಮಾಸ್ತರಿಕೆ ಸಿಕ್ಕಿ, ತಿಕೋಟಾದಿಂದ ಅವ್ವನನ್ನು ಕರೆತಂದು ಗೋಳಗುಮ್ಮಟದ ಹಿಂದೆ ಖೋಲಿ ಹಿಡಿದಿದ್ದೆ. ಅಪ್ಪ ಗವಂಡಿ. ನಾನು ನಾಲ್ಕು ವರ್ಷದವನಿದ್ದಾಗ ಪೋರ್ತುಗೀಜರ ಹಳೆ ಗೋವೆಗೆ, ಕ್ರಿಸ್ತರ ಇಗರ್ಜಿಯ ಗೋಡೆ ಕಟ್ಟಲು ಹೋದವ. ಒಂದು ಕಾಗದ ಬಂತು. ಆಮೇಲೆ ಏನೂ ಇಲ್ಲ. ಅವ್ವ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ಎಂದು ಊರ ಮಂದಿ ಇಪ್ಪತ್ತು ವರ್ಷ ತಲೆಗೊಂದು ಮಾತಾಡಿದರು. ಹೋಗಿ ಕೇಳಿ ಬಂದರೆ ತೀರಿತು ಎಂದು ದಸರೆ ಸೂಟಿಗೆ ಪ್ರವಾಸ ಗೊತ್ತು ಮಾಡಿದೆ.

ಒಂದೂ ನೆಟ್ಟಗಾಗಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಸೂಟಿ ಕತ್ತರಿಸಿದರು. ರೈಲಿನ ವೇಳೆ ಬದಲಾಯಿತು. ಕೊನೆಗೆ ಉಳಿದದ್ದು ಮಂಗಳವಾರದ ನಸುಕಿನ ಗಾಡಿ. ಮಂಗಳವಾರ ಅವ್ವ ಹೊಸ್ತಿಲು ದಾಟುವವಳಲ್ಲ.

"ಸೋಮವಾರನ ಪ್ರಸ್ಥಾನ ಇಟ್ಟ ಬಾ," ಎಂದಳು. ಹೋಗುವವರ ಅರಿವೆಯನ್ನು ಗಂಟು ಕಟ್ಟಿ, ಒಳ್ಳೆಯ ವೇಳೆಯಲ್ಲಿ ದಾರಿಯ ಮೇಲಿನ ಯಾರದೋ ಮನೆಯಲ್ಲಿಟ್ಟರೆ, ಅವರು ಅಂದೇ ಹೊರಟಂತೆ.

ಗಂಟಿನಲ್ಲಿ ನನ್ನ ಧೋತರ, ಅವಳ ಹೊಸ ಸೀರೆ, ಜೊತೆಗೆ ಅಪ್ಪ ತಲೆಗೆ ಸುತ್ತುತ್ತಿದ್ದ ಹಳೆಯ ಕೆಂಪು ರುಮಾಲು.

"ಇದ್ಯಾಕ ಬೇ?"

"ತಿರುಗಿ ಬರೂವಾಗ ಮೂರು ಮಂದಿ ಬರಬೇಕಲ್ಲೋ."

"ರೈಲ್ವೆದವ್ರು ಎರಡ ಟಿಕೀಟ ಕೊಟ್ಟಾರ."

"ಬಿ.ಎ. ನೀ ಮಾಡೀದಿ, ನಾ ಅಲ್ಲ. ಇಟ್ಟ ಬಾ."

ಹಲ್ಲು ಕಚ್ಚಿ ಒಯ್ದು ಇಮಾಮಸಾಬ ಮಾಮಾನ ಮನೆಯಲ್ಲಿಟ್ಟೆ. ಟಾಂಗಾ ಹೊಡೆಯುವ ಮಾಮಾ ಅಪ್ಪನ ಗೆಳೆಯ. ಮನೆ ಸ್ಟೇಶನ್ನಿನ ದಾರಿಯಲ್ಲೇ. ಗಂಟನ್ನು ಗೂಟಕ್ಕೆ ಹಾಕಿದ.

ಮಂಗಳವಾರ, ಇನ್ನೂ ಕತ್ತಲು. ನಾನು, ಅವ್ವ ಕದಕ್ಕೆ ಕೀಲಿ ಹಾಕಿ ಹೊರಟೆವು. ದಾರಿಯಲ್ಲಿ ಒಂದು ನಾಯಿಯೂ ಎದುರಾಗಲಿಲ್ಲ. ಮಾಮಾನ ಮನೆಯಲ್ಲಿ ಕಂದೀಲು ಉರಿಯುತ್ತಿತ್ತು. ಹೊರಗೆ ಕುದುರೆ ಒಂದೇ ಸಮನೆ ಕಾಲು ಕೆರೆಯುತ್ತಿತ್ತು.

ಬಾಗಿಲಲ್ಲೇ ವಾಸನೆ ಬಡಿಯಿತು. ಹಸಿ ಮೀನು, ಉಪ್ಪು, ನೆನೆದ ಹಗ್ಗ... ನಮ್ಮ ಒಣ ನಾಡಿನದಲ್ಲ ಅದು.

ಮಾಮಾ ಹೊರಸಿನ ಮೇಲೆ ಕುಳಿತೇ ಇದ್ದ. "ಇನ್ಯಾಕ ಬಂದ್ರಿ?"

"ಗಂಟ ಒಯ್ಯಾಕ, ಮಾಮಾ."

"ಅವ ಬಂದಿದ್ದನಲ್ಲ... ಈಗ. ಗಂಟ ಬಿಚ್ಚಿ ತನ್ನದಷ್ಟ ತಗೊಂಡ."

"ಯಾರು?"

ಮಾಮಾ ನನ್ನ ಕಡೆ ನೋಡಲಿಲ್ಲ. "ನೀರು ಬೇಡಿದ. ಕೊಟ್ಟೆ. ಮಾರಿ ನೋಡಾಕ ನನಗ ಧೈರ್ಯ ಸಾಲಲಿಲ್ಲ, ತಮ್ಮಾ."

ಗೂಟದಲ್ಲಿ ಗಂಟಿತ್ತು. ಧೋತರ ಇತ್ತು, ಹೊಸ ಸೀರೆ ಇತ್ತು. ರುಮಾಲು ಇರಲಿಲ್ಲ. ಹೊಸ ಸೀರೆ ಬಿಟ್ಟು ಹರಕು ರುಮಾಲು ಒಯ್ಯುವ ಕಳ್ಳ ಯಾರು? ನೆಲದ ಮೇಲೆ, ನೀರು ಕೊಟ್ಟಿದ್ದ ಬಟ್ಟಲಿನ ಅಂಚಿಗೆ ಬಿಳಿಯ ಗೆರೆ ಒಣಗಿತ್ತು. ನಾಲಿಗೆಗೆ ಹಚ್ಚಿದೆ. ಉಪ್ಪು.

ಅವ್ವ ಮೆಲ್ಲಗೆ ಕೇಳಿದಳು, "ಯಾ ಕಡೆ ಹ್ವಾದ್ರು?"

"ನಿಮ್ಮ ಓಣಿ ಕಡೆ, ತಂಗೀ."

ನಾವು ಬಂದದ್ದು ಅದೇ ದಾರಿ...

ಅವ್ವ ತಿರುಗಿ ನಡೆದೇಬಿಟ್ಟಳು. ಹಿಂದೆ ಓಡಿದೆ. "ಅವ್ವಾ, ಗಾಡಿ ಬರ್ತೈತಿ. ಇಷ್ಟ ಬಡಕೊಂಡು ಈ ಒಂದ ದಿನಾ ಸಿಕ್ಕೈತಿ. ಯಾರೋ ಹುಚ್ಚ ಬಂದಿರಬೇಕು."

"ಇನ್ನ ಅಲ್ಲಿ ಹೋಗಿ ಯಾರನ್ನ ಹುಡುಕೂದು? ಲಗು ನಡಿ. ಕದಕ್ಕ ಕೀಲಿ ಹಾಕಿ ಬಂದೇವಿ."

ಅಷ್ಟರಲ್ಲಿ ಗಾಡಿ ಕೂಗಿತು. ಕಿಸೆಯಲ್ಲಿ ಎರಡು ಟಿಕೀಟು ಹಿಡಿದುಕೊಂಡು, ಸಿಟ್ಟಿಗೆ ಕಣ್ಣೀರು ಬಂದು, ಅವಳ ಹಿಂದೆ ನಡೆದೆ.

ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಹೊಸ್ತಿಲು ಮಾತ್ರ ಒದ್ದೆ. ಒಬ್ಬ ಮನುಷ್ಯ ಕುಳಿತು ಕಾಯುವಷ್ಟು ಅಗಲ.

ಹಳೆ ಗೋವೆಯ ಹೆಸರನ್ನು ಅವ್ವ ಮತ್ತೆ ಎತ್ತಲಿಲ್ಲ. ಕುಂಕುಮವನ್ನೂ ಅಳಿಸಲಿಲ್ಲ. ಬದುಕಿರುವವರೆಗೆ ರಾತ್ರಿ ಚಿಲಕ ಹಾಕಗೊಡಲಿಲ್ಲ. ಈಗ ಅವ್ವ ಇಲ್ಲ, ಚಿಲಕ ನಾನೇ ಹಾಕುತ್ತೇನೆ. ದಸರೆ ಬಂತೆಂದರೆ ಮಾತ್ರ ಕದದವರೆಗೆ ಹೋಗಿ, ಸ್ವಲ್ಪ ಹೊತ್ತು ವಾಸನೆ ನೋಡಿ, ಚಿಲಕ ಹಾಕದೆ ಹಾಗೇ ತಿರುಗಿ ಬರುತ್ತೇನೆ...