ಎಳ್ಳಮಾಸಿಯ ಉಪವಾಸ

ಕಾಳು-ಪಲ್ಲೆ ಕುದಿಸಿದ ಬಜ್ಜಿಯ ವಾಸನೆ ಬಂದರೆ ನನಗೆ ಮೊದಲು ಹಸಿವಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಇವತ್ತು ಮಧ್ಯಾಹ್ನ ಅಫಜಲಪುರದ ನಮ್ಮ ಸಾಲೆಯ ಸ್ಟಾಫ್ ರೂಮಿನಲ್ಲಿ ಎರಡೂ ಆದವು. ನಿನ್ನೆ ಎಳ್ಳ ಅಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಮಾಸಿ. ಮರುದಿನ ಎಲ್ಲರ ಡಬ್ಬಿಯಲ್ಲೂ ಹಬ್ಬದ್ದೇ ಅಡಿಗೆ. ಸರೋಜಾ ಟೀಚರ್ ತಮ್ಮ ಡಬ್ಬಿ ಬಿಚ್ಚಿ, "ತಗೋರಿ ಟೀಚರ್, ನಮ್ಮ ಹೊಲದ್ದು" ಅಂತ ಬಾಯ್ತುಂಬ ಕರೆದರು. ಉಣ್ಣುವುದಕ್ಕೆ ನಾಚುವ ಹೆಂಗಸು ನಾನಲ್ಲ. ಅವರ ಎರಡು ಸಜ್ಜಿ ರೊಟ್ಟಿ ಮುಗಿಸಿ, ನನ್ನ ಬಜ್ಜಿಯ ಡಬ್ಬಿ ಬಿಚ್ಚಿ ಅವರ ಮುಂದಿಟ್ಟೆ.

"ನಮ್ಮವ್ವ ನಿಮಗಂತ ಕಟ್ಟಿ ಕಳಿಸ್ಯಾಳ್ರಿ."

"ಅಯ್ಯ, ಇವತ್ತ ನಂದು ಉಪಾಸ ಅದರಿ," ಅಂದರು. ತುಟಿಯ ಮೇಲೆ ಆಗಷ್ಟೇ ತಿಂದ ರೊಟ್ಟಿಯ ಎಳ್ಳು ಅಂಟಿತ್ತು.

ಸರೋಜಾ ಟೀಚರ್ ಕೆಟ್ಟವರಲ್ಲ ನೋಡ್ರಿ. ನನಗೆ ಜ್ವರ ಬಂದಾಗ ನನ್ನ ಪೀರಿಯಡ್ ತಗೊಂಡವರು, ಗುಳಿಗೆ ತಂದುಕೊಟ್ಟವರು. ಕೆಟ್ಟವರಾಗಿದ್ದರೆ ಎಷ್ಟು ಸಲೀಸಿತ್ತು! ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳುತ್ತಿದ್ದೆ.

ನಾವು ಬೌದ್ಧರು. ಹಂಗಂದರೆ ಈ ಕಡೆ ಅರ್ಧ ಮಂದಿಗೆ ತಿಳಿಯುವುದಿಲ್ಲ, ತಿಳಿದ ಇನ್ನರ್ಧ ಮಂದಿಯ ಮುಖ ಸಣ್ಣದಾಗುತ್ತದೆ. ಇಲ್ಲಿ ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಪೈಕಿ?" ಅಂತ ಕೇಳಿದವರಿಗೆ ಹೇಳಿದ್ದೇ ತಡ, ಖಾಲಿ ಇದ್ದ ಮನೆಗೆ ಪುಣೆಯಿಂದ ಅಳಿಯ ಬರುವವನಾಗುತ್ತಿದ್ದ. ಇಷ್ಟೊಂದು ಅಳಿಯಂದಿರು ನಿಜಕ್ಕೂ ಬಂದಿದ್ದರೆ ಪುಣೆಯಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ. ಇರಲಿ, ಆ ಪುರಾಣ ಬೇಡ. ಹಬ್ಬಕ್ಕೇ ಬರ್ತೇನಿ.

ಎಳ್ಳಮಾಸಿಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಆಳೆತ್ತರದ ಬಿಳಿಜೋಳದ ನಡುವೆ ಪೂಜೆ ಮಾಡಿ, ಹೊಲದ ನಾಲ್ಕೂ ಕಡೆ ಎಡೆಯ ಅಡಿಗೆ ಚೆಲ್ಲುತ್ತಾರೆ, ಅದೇ ಚರಗ. ಆಮೇಲೆ ಊಟ. ಹೊಸ ಕಾಳು, ಮೆಂತ್ಯಪಲ್ಲೆ, ಹುಣಸಿಹಣ್ಣು, ಕೈಗೆ ಸಿಕ್ಕ ಹಸಿರೆಲ್ಲ ಹಾಕಿ ಕುದಿಸಿದ ಬಜ್ಜಿ. ಹೊಲದವರು ದಾರಿ ಮೇಲೆ ಹೋಗುವವರನ್ನೂ ಕರೆದು ಉಣಿಸಬೇಕು. ಅವತ್ತು ಯಾರೂ ಒಲ್ಲೆ ಅನ್ನಬಾರದು, ಅಂದರೆ ಹೊಲದ ಪೈರಿಗೆ ಒಳ್ಳೆಯದಲ್ಲ.

ಬೌದ್ಧರಿಗೆ ಚರಗ ಯಾಕ ಅಂತ ನೀವು ಕೇಳಬಹುದು. ಬಿ.ಎಡ್ ಓದುವಾಗ ನಾನೂ ಭಾಳ ಶಾಣ್ಯಾಕಿಯಾಗಿ ಕೇಳಿದ್ದೆ. ಅವ್ವ ಅಂದಿದ್ದು ಇಷ್ಟೇ: "ಬುದ್ಧಪ್ಪ ಬಜ್ಜಿ ಉಣ್ಣಬ್ಯಾಡ ಅಂದಾನೇನಬೇ?"

ಅವ್ವ ವಯಸ್ಸಿನ ದಿನವೆಲ್ಲ ಕಳೆದದ್ದು ನಮ್ಮೂರು ಇಜೇರಿ ಕಡೆಯ ಮಂದಿಯ ಹೊಲದಲ್ಲಿ ಕಸ ತೆಗೆದು. ಅವಳು ಬಿತ್ತಿದ ಕಡ್ಲಿ, ಅವಳೇ ಬಿಡಿಸಿದ ತೊಗರಿಕಾಯಿ. ಹಬ್ಬದ ದಿನ ಮಾತ್ರ ಅವಳ ಜಾಗ ದೂರದ ಬದುವಿನ ಮೇಲೆ. ಬಡಿಸುವವರು ಮೈ ತಾಗದ ಹಾಗೆ ಮೇಲಿಂದ ಅವಳ ಸೆರಗಿಗೆ ರೊಟ್ಟಿ ಬಿಡುತ್ತಿದ್ದರು. ಪಕ್ಕದಲ್ಲಿ ಕೂತ ನಾನು ನೋಡಿದ್ದೇನೆ. ಆ ರೊಟ್ಟಿ ಮುರಿಯುತ್ತ ಅವ್ವ ಅನ್ನುತ್ತಿದ್ದಳು: "ಒಂದಿನ ನಮ್ಮ ಹೊಲದಾಗ ನಾ ಮಂದಿಗಿ ಉಣಸ್ತೇನಿ." ಬಂಗಾರ ಬೇಡಲಿಲ್ಲ, ಪತ್ತಲ ಬೇಡಲಿಲ್ಲ. ಅವಳ ಕೈಯ ಅಡಿಗೆ ನಾಲ್ಕು ಮಂದಿ ಕೂತು ಉಣ್ಣಬೇಕು, ಅಷ್ಟೇ ಅವಳ ಆಸೆ.

ನನಗೆ ನೌಕರಿ ಸಿಕ್ಕ ಮೇಲೆ ಅಲ್ಲೇ ಎರಡೆಕರೆ ಎರಿ ಹೊಲ, ಕಪ್ಪು ಮಣ್ಣಿನದು, ತಗೊಂಡೆವು. ಮೊದಲ ಎಳ್ಳಮಾಸಿಗೆ ಅವ್ವ ಕೋಳಿ ಕೂಗುವ ಮೊದಲೇ ಒಲೆ ಹಚ್ಚಿದಳು. ಮದುವೆ ಮನೆಗಾಗುವಷ್ಟು ಬಜ್ಜಿ! ಅಕ್ಕಪಕ್ಕದ ಹೊಲಕ್ಕೆಲ್ಲ ತಾನೇ ಹೋಗಿ ಕರೆದು ಬಂದಳು. ಮಂದಿ ಬಂದರು, ಬರಲಿಲ್ಲ ಅನ್ನೋದಿಲ್ಲ. ಕೂತರು, ಬೆಳೆ ಹೊಗಳಿದರು. ತಾಟು ಮುಂದೆ ಬಂದ ಕೂಡಲೇ ಒಬ್ಬೊಬ್ಬರಿಗೆ ಒಂದೊಂದು ರೋಗ. ಒಬ್ಬರಿಗೆ ಶುಗರ್, ಒಬ್ಬರಿಗೆ ಹೊಟ್ಟೆ ಉಬ್ಬರ. ಅವ್ವ ವರ್ಷಗಟ್ಟಲೆ ಕಸ ತೆಗೆದ ಹೊಲದ ಒಡತಿ ಶರಣಮ್ಮ, "ನಂದು ಉಪಾಸ ಅದವ್ವಾ" ಅಂದಳು. ಎಳ್ಳಮಾಸಿ ದಿನ ಉಪಾಸ! ಹೊಟ್ಟೆ ಬಿರಿಯುವಂತೆ ಉಂಡು ಗಿಡದ ನೆರಳಿಗೆ ಉರುಳುವ ಹಬ್ಬವಿದು.

ಅವ್ವನ ಮುಖ ನೋಡಿ ಶರಣಮ್ಮನಿಗೆ ಏನನ್ನಿಸಿತೋ, "ಕಟ್ಟಿ ಕೊಡು, ಮನಿಗಿ ಒಯ್ತೇನಿ" ಅಂದಳು. ಅವ್ವ ಹಿಗ್ಗಿಬಿಟ್ಟಳು. ರೊಟ್ಟಿ ಮೇಲೆ ಬಜ್ಜಿ ಹಾಕಿ ದೊಡ್ಡ ಗಂಟೇ ಕಟ್ಟಿದಳು. ಶರಣಮ್ಮ ಬದು ದಾಟಿ ತನ್ನ ಹೊಲಕ್ಕೆ ಹೋಗಿ, ಆ ಗಂಟು ಬಿಚ್ಚಿ ಎತ್ತಿನ ಮುಂದೆ ಸುರಿದಳು. ಆಮೇಲೆ ಸೊಸೆಯಂದಿರ ನಡುವೆ ಕೂತು ತಾಟು ಎಳೆದುಕೊಂಡಳು. ನಡುವೆ ಇದ್ದದ್ದು ಮೊಣಕಾಲೆತ್ತರದ ಕಡ್ಲಿ. ಎಲ್ಲ ಕಾಣುತ್ತಿತ್ತು. ಕಂಡರೆ ಕಾಣಲಿ ಅಂತಲೇ ಇರಬೇಕು.

ಮೈ ಉರಿಯಿತು. ಜಗಳ ತೆಗೆಯಲು ಎದ್ದೆ. ಅವ್ವ ರಟ್ಟೆ ಹಿಡಿದು ಕೂಡಿಸಿದಳು. "ಇವಳ ಬಾಯಾಗ ಮಣ್ಣ ಬೀಳ್ಲಿ," ಅಂತ ಒಂದೇ ಮಾತು ಅಂದಳು. ಸಂಜೆ ಅಷ್ಟೂ ಬಜ್ಜಿ ನಮ್ಮ ಓಣಿಗೆ ವಾಪಸು ಬಂತು. ನಮ್ಮವರು ಸೊರ್ ಸೊರ್ ಅಂತ ಉಂಡು ಹೊಗಳಿದರು. ನಾನು ತಾಟು ಸರಿಸಿ ಎದ್ದೆ.

ಅವ್ವ ಕರೆಯುವುದು ಬಿಟ್ಟಳು ಅಂದುಕೊಂಡಿರೇನು? ಪ್ರತಿ ವರ್ಷ ಕರೆಯುತ್ತಾಳೆ. ನಿನ್ನೆಯೂ ಕರೆದಳು. "ಯಾಕ ಮರ್ಯಾದಿ ಕಳ್ಕೋತಿ?" ಅಂತ ಜಗಳಾಡಿದೆ.

"ನಂದ್ಯಾಕ ಹೋಗ್ತದ? ವರ್ಷಾ ವರ್ಷಾ ಹಬ್ಬದ ದಿನ ನನ್ನ ಕಣ್ಣಾಗ ಕಣ್ಣಿಟ್ಟು ಸುಳ್ಳ ಹೇಳಿ ಹೋಗ್ಲಿ ಅವರು," ಅಂದಳು. ಆಮೇಲೆ ಡಬ್ಬಿಗೆ ಬಜ್ಜಿ ತುಂಬುತ್ತ, "ಇದು ನಿನ್ನ ಸರೋಜಾ ಟೀಚರಗಿ. ಅಕಿ ಓದಿದಾಕಿ, ಉಣ್ತಾಳ," ಅಂದಳು.

ಆ ಡಬ್ಬಿಯೇ ಇವತ್ತು ಸ್ಟಾಫ್ ರೂಮಿನ ಮೇಜಿನ ಮೇಲೆ ಬಾಯಿ ತೆರೆದು ಕೂತದ್ದು. ಪಿ.ಟಿ. ಸರ್ ಎದ್ದು ಬಂದು, ನಿಂತೇ ಒಂದು ಚಮಚ ಬಾಯಿಗೆ ಹಾಕಿಕೊಂಡು, "ನಾ ಏನ್ ಅಂಥಾದ್ದೆಲ್ಲ ನೋಡಂಗಿಲ್ಲರಿ" ಅಂದರು. ಉಣ್ಣದವರಿಗಿಂತ ಈ ಉಪಕಾರದ ಚಮಚ ಹೆಚ್ಚು ಸಿಟ್ಟು ತರಿಸಿತು. ನಮ್ಮವ್ವನ ಬಜ್ಜಿ ಉಂಡದ್ದಕ್ಕೆ ಇವರಿಗೇನು ಸನ್ಮಾನ ಮಾಡಬೇಕಾ?

ಇಷ್ಟು ವರ್ಷ ಯಾರು ಒಲ್ಲೆ ಅಂದರೂ ನಕ್ಕು ಡಬ್ಬಿ ಮುಚ್ಚುತ್ತಿದ್ದ ಸಂಭಾವಿತೆ ನಾನು. ಇವತ್ತು ಮುಚ್ಚಲಿಲ್ಲ.

"ಟೀಚರ್, ಉಪಾಸ ಯಾವತ್ತ ಬಿಡ್ತೀರಿ ಹೇಳ್ರಿ. ಅವತ್ತ ಮತ್ತ ತರ್ತೇನಿ," ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಸರೋಜಾ ಟೀಚರ್ ಮುಖ ಕೆಂಪಾಯಿತು. "ಎಲ್ಲಾದಕ್ಕೂ ಯಾಕ್ರಿ ಜಾತಿ ತರ್ತೀರಿ?" ಅಂದರು.

ಅಲ್ರೀ, ಜಾತಿಯ ಶಬ್ದವನ್ನೇ ನಾನು ಎತ್ತಿರಲಿಲ್ಲ. ಬಜ್ಜಿಯ ಮಾತು ಆಡಿದ್ದೆ. ನಾನು ಅಲ್ಲೇ ಕೂತು ಅವ್ವನ ಡಬ್ಬಿ ಖಾಲಿಯಾಗುವ ತನಕ ಉಂಡೆ. ನನ್ನದು ಉಣ್ಣದವರ ಡಬ್ಬಿಗೆ ಇನ್ನು ನಾನೂ ಕೈ ಹಾಕುವುದಿಲ್ಲ, ಎಷ್ಟೇ ಬಾಯ್ತುಂಬ ಕರೆಯಲಿ.

ಸಂಜೆ ಅವ್ವನ ಫೋನ್ ಬಂತು. "ಟೀಚರ್ ಉಂಡ್ರೇನು? ಖಾರ ಆಗಿತ್ತೇನು?"

ಸುಳ್ಳು ಹೇಳಬಹುದಿತ್ತು. ಆದರೆ ಅವಳಿಗೆ ಸುಳ್ಳು ಹೇಳುವ ಮಂದಿ ಆಗಲೇ ಬೇಕಾದಷ್ಟಿದ್ದಾರೆ.

"ಉಣ್ಣಲಿಲ್ಲ ಯವ್ವಾ. ಉಪಾಸ ಅಂದ್ರು."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

"ಓದಿದಾಕೀನೂ?" ಅಂದಳು ಅವ್ವ.