ಉಡದಾರದ ಕೀಲಿಕೈ

ಶಹಾಬಾದಿನ ಫರಸಿಕಲ್ಲಿನ ವ್ಯಾಪಾರಿ ಕಾಶಪ್ಪನವರಿಗೆ ಲೋಕದಲ್ಲಿ ನಂಬಿಕೆ ಇರುವುದು ಬೀಗದ ಮೇಲೆ ಮಾತ್ರ. ಎಂಬತ್ತೆಂಟನೆಯ ಇಸವಿಯಲ್ಲಿ ಮಗಳು ಜಗದೇವಿಯ ಓದಿಗೆಂದು ಕಂಪ್ಯೂಟರ್ ಕೊಳ್ಳಲು ಗುಲಬರ್ಗಾಕ್ಕೆ ಹೋದವರು, ಅದು ಏನೇನು ಕಲಿಸುತ್ತದೆಂದು ಕೇಳಲೇ ಇಲ್ಲ. ‘ಶಾಕ್ ಹೊಡೀತದೇನ್ರಿ? ಕೀಲಿ ಹಾಕ್ಲಾಕ ಬರ್ತದೇನ್ರಿ?’ ಎಂದು ವಿಚಾರಿಸಿ, ಕೀಲಿ ತಿರುಗಿಸದೆ ನಡೆಯದಂಥ ಬೀಗವಿದ್ದದ್ದನ್ನೇ ಆರಿಸಿ ತಂದರು. ತಂದ ದಿನದಿಂದ ಅದು ಕಸೂತಿ ಹೊದಿಕೆಯೊಳಗೆ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ಕೀಲಿಕೈ ಅವರ ಉಡದಾರದಲ್ಲಿದೆ. ಬಂದವರಿಗೆಲ್ಲ ದೂರದಿಂದಲೇ ತೋರಿಸಿ, ‘ಮುಟ್ಟಬ್ಯಾಡ್ರಿ, ನಮ್ಮ ಹುಡುಗಿ ಸಾಲಿ ಅಭ್ಯಾಸದ್ದು ಅದ’ ಎನ್ನುತ್ತಾರೆ. ಆ ಹುಡುಗಿಯೋ, ಅಪ್ಪನೇ ಹಾಸಿಸಿದ ಫರಸಿಯ ಮೇಲೆ ಸೀಮೆಸುಣ್ಣದಿಂದ ಅಕ್ಷರದ ಗುಂಡಿಗಳನ್ನು ಬರೆದುಕೊಂಡು, ಬೋರಲು ಮಲಗಿ ಟೈಪು ಮಾಡುತ್ತಿರುತ್ತಾಳೆ. ‘ಏನ್ ಮಾಡಾಕತ್ತೀಯವ್ವಾ?’ ಎಂದು ಅಪ್ಪ ಕೇಳಿದರೆ, ಬೆರಳು ನಿಲ್ಲಿಸದೆ ಹೇಳುತ್ತಾಳೆ: ‘ಇದು ಶಾಕ್ ಹೊಡಿಯಂಗಿಲ್ಲಪ್ಪಾ.’